ಬೋಳುತಲೆಯ ಗುಂಡ, ಎರಡು ಜಡೆಯ ಪಾಸ್‌ಪೋರ್ಟು

ಶಿಡ್ಲಘಟ್ಟ

ಇದು ಆಗೋ ಮಾತಲ್ಲ ಅಂತ ಮೊದಲು ಹೇಳಿದವರು ನಮ್ಮ ನರಸಿಂಹಪ್ಪ ಮಾವ. ಅಮ್ಮನ ತಮ್ಮ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ವ್ಯಾಪಾರ. ಗೂಡೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳ ಹೇಗಿದೆ ಅಂತ ಹೇಳುತ್ತಾರೆ. ಮನುಷ್ಯರ ವಿಷಯದಲ್ಲೂ ಅಷ್ಟೇ. ಎದುರಿಗೆ ನಿಂತವರನ್ನು ಒಂದು ಗಳಿಗೆ ನೋಡಿ, ಮೀಸೆಯ ತುದಿ ತಿರುವಿ, ತೀರ್ಪು ಕೊಟ್ಟುಬಿಡುತ್ತಾರೆ. ಆ ಮೀಸೆ ಸಣ್ಣದೇನಲ್ಲ, ಎರಡೂ ಕಡೆ ಕೆನ್ನೆ ಹತ್ತಿ ಕಿವಿಯ ಕಡೆ ಹೊರಟಿದೆ. ಮಾರ್ಕೆಟ್ಟಿನಲ್ಲಿ ಅವರ ಹೆಸರು ಗೊತ್ತಿಲ್ಲದವರು ಕೂಡ "ಮೀಸೆಯೋರು" ಅಂದರೆ ದಾರಿ ತೋರಿಸುತ್ತಾರೆ.

ನನ್ನ ವಿಷಯದಲ್ಲಿ ಅವರ ತೀರ್ಪು ಯಾವತ್ತೂ ಸರಿಹೋಗಿಲ್ಲ. ನಾನು ಎಸ್ಸೆಸ್ಸೆಲ್ಸಿ ದಾಟಲ್ಲ ಅಂದಿದ್ದರು, ದಾಟಿದೆ. ದಿನಾ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ನಿಂತು ಹೋಗಿ ಬಿ.ಎಸ್ಸಿ. ಮುಗಿಸೋದು ಹೆಣ್ಣುಮಗುವಿನ ಕೈಲಿ ಆಗಲ್ಲ ಅಂದಿದ್ದರು, ಮುಗಿಸಿದೆ. ಆಮೇಲೆ ಬಿ.ಎಡ್. ಮಾಡಿ ಚಿಂತಾಮಣಿ ಹತ್ತಿರದ ಹೈಸ್ಕೂಲಿನಲ್ಲಿ ಟೀಚರಾದೆ. ನಮ್ಮ ಅಪ್ಪನ ಕಡೆಯಾಗಲಿ ಅಮ್ಮನ ಕಡೆಯಾಗಲಿ ಡಿಗ್ರಿ ಅಂತ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳೋಕೆ ನನಗೆ ಸಂಕೋಚವಿಲ್ಲ. ನೂಲು ಬಿಚ್ಚೋ ಮನೆಯಲ್ಲಿ ಹುಟ್ಟಿ, ಗೂಡು ಬೇಯಿಸೋ ಬಿಸಿನೀರಿನ ಹಬೆಯಲ್ಲಿ ಕೂತು ಓದಿದವಳು.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ಅದನ್ನು ಮೊದಲು ತೋರಿಸಿದ್ದು ಈ ಮಾವನಿಗೇ. ಮಾರ್ಕೆಟ್ಟಿಗೇ ಹೋಗಿ ಮುಂದೆ ಹಿಡಿದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡು, "ನನ್ ಕೈಯೆಲ್ಲ ಗೂಡಿನ ವಾಸನೆ ಕಣಮ್ಮ. ನೀನೇ ಹಿಡ್ಕೊಂಡು ತೋರ್ಸು," ಅಂದರು. ಬಹಳ ಹೊತ್ತು ನೋಡಿದರು. ಕೊನೆಗೆ ಅವರು ಹೇಳಿದ್ದು ಒಂದೇ ಮಾತು. "ಕಾಗದ ದಪ್ಪಗಿದೆ."

ಈಗ ಅದೇ ಮಾವನ ಎದುರು ನಿಂತು, "ಬೇಸಿಗೆ ರಜಕ್ಕೆ ಮಲೇಷಿಯಾಕ್ಕೆ ಹೋಗ್ತಿದೀವಿ ಮಾವ. ನಾನು, ಅವರು, ಗುಂಡ, ಅಮ್ಮ," ಅಂದೆ.

"ಯಾವುದ್ರಲ್ಲಿ?"

"ವಿಮಾನದಲ್ಲಿ."

"ದೇವನಹಳ್ಳೀಲಿ ಏರ್‌ಪೋರ್ಟ್ ಕಟ್ಟಿದ್ರು ಅಂತ ನಾವೂ ಹತ್ತಬೇಕಾ? ಮನೆ ಮುಂದೆ ಕೋರ್ಟ್ ಬಂತು ಅಂತ ಕೇಸು ಹಾಕೋಕಾಗ್ತದಾ?" ಪಕ್ಕದಲ್ಲಿದ್ದವರು ನಕ್ಕರು. ಮಾವ ನಗಲಿಲ್ಲ. "ಎರಡು ವರ್ಷದ ಕೂಸು. ಪೆರೇಸಂದ್ರ ದಾಟಿದ್ರೆ ಬಸ್ಸಲ್ಲಿ ವಾಂತಿ ಮಾಡ್ತಾನೆ. ನಿಮ್ಮಮ್ಮ ತಿರುಪತಿ ಬಿಟ್ರೆ ಏನೂ ನೋಡಿಲ್ಲ. ಸಮುದ್ರ ನೋಡಬೇಕು ಅಂದ್ರೆ ಮಂಗಳೂರಿಗೆ ಹೋಗಿ. ಇದು ಆಗೋ ಮಾತಲ್ಲ. ಅಲ್ಲಿ ಕೂಸಿಗೆ ಏನಾದ್ರೂ ಆದ್ರೆ ನಿನ್ ಡಿಗ್ರಿ ಬರಲ್ಲಮ್ಮ ಕಾಪಾಡೋಕೆ."

ಆ ಕೊನೆಯ ಮಾತು ನನ್ನ ಎದೆಯಲ್ಲಿ ಕೂತಿತು. ಗುಂಡನನ್ನು ಹೋದ ಹಾಗೇ ವಾಪಸ್ ತಂದು ಈ ಮನುಷ್ಯನ ಮುಂದೆ ನಿಲ್ಲಿಸಬೇಕು. ಊರು ನೋಡೋದು, ಕಡಲು ನೋಡೋದು ಎಲ್ಲ ಅದಾದ ಮೇಲೆ.

ಚಿಕ್ಕಬಳ್ಳಾಪುರ

ಈ ಹುಚ್ಚು ಹತ್ತಿಸಿದ್ದು ನನ್ನ ಮಗ ಗುಂಡನೇ. ಏರ್‌ಪೋರ್ಟ್ ಬಂದ ಮೇಲೆ ಚಿಕ್ಕಬಳ್ಳಾಪುರದ ನಮ್ಮ ಮನೆ ತಾರಸಿಯ ಮೇಲೆ ವಿಮಾನಗಳ ಓಡಾಟ ಶುರುವಾಯಿತು. ಅವನು 'ಅಮ್ಮ' ಅಂದ ಮೇಲೆ ಕಲಿತ ಎರಡನೇ ಮಾತು 'ಇಮಾನ'. ಊಟ ಮಾಡಿಸೋಕೆ ಇಮಾನ, ಮಲಗಿಸೋಕೆ ಇಮಾನ. ನನಗೂ ಒಂದು ಆಸೆಯಿತ್ತು. ಎಂಟನೇ ಕ್ಲಾಸಿನ ಮಕ್ಕಳಿಗೆ ಉಬ್ಬರವಿಳಿತದ ಪಾಠ ಮಾಡುವ ನಾನು ಕಡಲನ್ನೇ ನೋಡಿರಲಿಲ್ಲ. ನನ್ನ ಗಂಡ ನಾಗರಾಜ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವರು. "ಹೋಗೋಣ," ಅಂದರು. ಅವರ ಮಾತೇ ಅಷ್ಟು.

ಅಲ್ಲಿಂದ ನನ್ನ ನಿದ್ದೆ ಹೋಯಿತು. ಗುಂಡ ತಿನ್ನುವುದು ರಾಗಿ ಸರಿ ಒಂದೇ. ಅದೂ ಅಮ್ಮ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಸೋಸಿದ ಹಿಟ್ಟೇ ಆಗಬೇಕು. ಆ ಹಿಟ್ಟನ್ನು ವಿಮಾನದಲ್ಲಿ ಬಿಡುತ್ತಾರಾ? ಕಂದು ಬಣ್ಣದ ಪುಡಿ, ಮೇಲೆ ಚೀಟಿ ಇಲ್ಲ, ಕಂಪನಿ ಹೆಸರಿಲ್ಲ. ಯಾವುದೋ ಮದ್ದು ಅಂತ ಹಿಡಿದರೆ? ಅಲ್ಲಿನ ಹಾಲು ಒಗ್ಗದಿದ್ದರೆ? ಜ್ವರ ಬಂದರೆ ಡಾಕ್ಟರಿಗೆ ಯಾವ ಭಾಷೆಯಲ್ಲಿ ಹೇಳೋದು? ಕನ್ನಡ ಮೀಡಿಯಂನಲ್ಲಿ ಓದಿದ ನನ್ನ ಇಂಗ್ಲಿಷು ಬೋರ್ಡಿನ ಮೇಲೆ ನೆಟ್ಟಗೆ ನಿಲ್ಲುತ್ತೆ, ಬಾಯಿಗೆ ಬಂದರೆ ಕುಂಟುತ್ತೆ.

"ರಿಪೋರ್ಟ್ ಬರೋವರ್ಗೂ ಕಾಯಿಲೆ ಇಲ್ಲ ಕಣೇ," ಅನ್ನೋರು ನಾಗರಾಜ.

"ನಿಮ್ ಲ್ಯಾಬಲ್ಲಿ ಹೇಳ್ಕೊಳಿ ಅದನ್ನ."

ಪಾಸ್‌ಪೋರ್ಟಿನ ಕೆಲಸ ಅವರದು. ಗುಂಡನ ಫೋಟೋ ತೆಗೆಸುವ ಕೆಲಸ ಅಮ್ಮನದು, ಯಾಕೆಂದರೆ ನಾನು ಬೆಳಿಗ್ಗೆ ಚಿಂತಾಮಣಿ ಬಸ್ಸು ಹತ್ತಿದರೆ ಬರೋದು ಸಂಜೆಗೆ. ಗುಂಡನಿಗೆ ಹುಟ್ಟಿದಾಗಿನಿಂದ ಕೂದಲು ತೆಗೆಸಿರಲಿಲ್ಲ. ಮೂರನೇ ವರ್ಷಕ್ಕೆ ಕಾಲಿಟ್ಟ ಮೇಲೆ ಮನೆದೇವರಿಗೆ ಮುಡಿ ಕೊಡುತ್ತೀವಿ ಅಂತ ಹರಕೆ ಇತ್ತು. ಮುಡಿ ತೆಗೆಸುವ ಮೊದಲು ಗಂಡುಮಗುವಿಗೆ ಜಡೆ ಹಾಕಿ, ಮೊಗ್ಗು ಮುಡಿಸಿ, ಫೋಟೋ ತೆಗೆಸುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ಹೇಗೂ ಸ್ಟುಡಿಯೋಗೆ ಹೋಗುತ್ತೀನಲ್ಲ, ಎರಡೂ ಕೆಲಸ ಒಂದೇ ಸಲ ಮುಗಿಯಲಿ ಅಂತ ಅಮ್ಮ ಲೆಕ್ಕ ಹಾಕಿದಳು. ಆ ಲೆಕ್ಕ ನನಗೆ ಗೊತ್ತಾಗಲಿಲ್ಲ. ಪಾಸ್‌ಪೋರ್ಟು ಬಂದದ್ದೇ ವೀಸಾಕ್ಕೆ ಅಂತ ಬೆಂಗಳೂರಿನ ಏಜೆಂಟ್ ಹತ್ತಿರ ಹೋಯಿತು. ನಾನು ಅದನ್ನು ಬಿಡಿಸಿಯೂ ನೋಡಲಿಲ್ಲ.

ಗೌರಿಬಿದನೂರು

ಹೊರಡುವುದಕ್ಕೆ ಒಂದು ವಾರವಿದೆ ಅನ್ನುವಾಗ ಮಾವ ಫೋನು ಮಾಡಿದರು. "ಹೋಗೋದೇ ಗಟ್ಟಿ ಅಂದ್ರೆ ಹೋಗಿ. ಆದ್ರೆ ಮುಡಿ ಕೊಡದ ಕೂಸನ್ನ ಸಮುದ್ರ ದಾಟಿಸಬಾರ್ದು. ಮೊದಲ ಕತ್ರಿ ನಾನು ಹಾಕಬೇಕಾದೋನು. ಭಾನುವಾರ ಬರ್ತೀನಿ."

ನನಗೆ ಅಣ್ಣತಮ್ಮಂದಿರಿಲ್ಲ. ಸೋದರಮಾವ ಮಾಡಬೇಕಾದ ಶಾಸ್ತ್ರಗಳೆಲ್ಲ ಈ ಮಾವನ ಪಾಲಿಗೇ ಬಂದಿವೆ. ಬಂದಮೇಲೆ ಮಾಡೋಣ ಅಂದೆ. ಅಮ್ಮ ಬ್ಯಾಗಿನಿಂದ ತನ್ನ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದಳು. "ಅಂಗಾದ್ರೆ ನಾನ್ ಬರಲ್ಲಮ್ಮ, ನೀವೇ ಹೋಗ್ಬನ್ನಿ." ನಾನು ಸೋತೆ.

ಗೌರಿಬಿದನೂರಿನಿಂದ ಆಚೆ ಹೊಲಗಳ ನಡುವೆ ನಮ್ಮ ಮನೆದೇವರ ಸಣ್ಣ ಗುಡಿ. ಹುಣಸೆಮರದ ಕೆಳಗೆ ಚಾಪೆ ಹಾಕಿ ಮಾವ ಗುಂಡನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ವೀಳ್ಯದೆಲೆ ಹಿಡಿದು ನೆತ್ತಿಯ ಮೇಲಿನ ಒಂದು ಎಳೆ ಕತ್ತರಿಸಿದರು. ಗುಂಡ ಕಿರುಚಿ ಸಿಕ್ಕಿದ್ದನ್ನು ಹಿಡಿದ. ಸಿಕ್ಕಿದ್ದು ಮೀಸೆ.

"ಬಿಡೋ ನಾಯನಾ, ಬಿಡೋ! ಕೊಡಬೇಕಾಗಿರೋದು ನಿನ್ ಕೂದ್ಲು, ನಂದಲ್ಲ!"

ಎಲ್ಲರೂ ಬಿದ್ದುಬಿದ್ದು ನಕ್ಕೆವು. ಆಮೇಲೆ ಕ್ಷೌರದವರು ಬಂದು ಉಳಿದದ್ದನ್ನು ತೆಗೆದರು. ತಲೆ ಬಿಳಿ ಕುಂಬಳಕಾಯಿ ಆಯಿತು.

ಮಾರನೇ ದಿನ ಏಜೆಂಟ್ ಕಡೆಯಿಂದ ಪಾಸ್‌ಪೋರ್ಟುಗಳು ಬಂದವು. ನಾನು ಗುಂಡನದ್ದನ್ನು ಬಿಡಿಸಿದೆ. ಅದರೊಳಗಿಂದ ಒಂದು ಹೆಣ್ಣುಮಗು ನನ್ನನ್ನು ನೋಡುತ್ತಿತ್ತು. ನಡುಬೈತಲೆ, ಎರಡು ಜಡೆ, ಕಣ್ಣಿಗೆ ಕಾಡಿಗೆ, ಹಣೆಗೆ ಬೊಟ್ಟು, ಕಿವಿಯಲ್ಲಿ ಜುಮುಕಿ, ಕೆನ್ನೆಯಲ್ಲಿ ದೃಷ್ಟಿಬೊಟ್ಟು. ಕೆಳಗೆ ಗಂಡು ಅಂತ ಅಚ್ಚಾಗಿದೆ. ಹಿಂದೆ ತಿರುಗಿ ನೋಡಿದರೆ ಬೋಳುತಲೆಯ ಗುಂಡ ಚಡ್ಡಿಯಿಲ್ಲದೆ ಓಡಾಡುತ್ತಿದ್ದಾನೆ.

"ಅಮ್ಮಾ, ಏನಮ್ಮಾ ಇದು?"

"ಮೊಗ್ಗೆಲ್ಲ ತೆಗೆದ್ಬಿಟ್ಟೇ ತೆಗೆಸಿದ್ದು ಕಣೇ. ಸ್ಟುಡಿಯೋದೋನು ಹೂವು ಇರಬಾರ್ದು ಅಂದ."

"ನೀವಾದ್ರೂ ನೋಡಬಾರ್ದಿತ್ತಾ?" ಅಂತ ನಾಗರಾಜನ ಮೇಲೆ ಎಗರಿದೆ.

"ನೋಡ್ದೆ. ಚೆನ್ನಾಗಿ ಬಂದಿದೆ ಅನ್ನಿಸ್ತು."

ಏಜೆಂಟಿಗೆ ಫೋನು ಮಾಡಿದೆ. ಹೊಸದು ಮಾಡಿಸೋಕೆ ಟೈಮಿಲ್ಲ ಅಂದ. "ಮಕ್ಕಳು ಬದಲಾಗ್ತಾರೆ ಮೇಡಂ, ಏನೂ ಆಗಲ್ಲ," ಅಂದವನು ಫೋನು ಇಡುವ ಮೊದಲು, "ಅಲ್ಲಿ ಕೇಳಿದ್ರೆ ಮಾತ್ರ ನೀವೇ ಸಮಜಾಯಿಷಿ ಕೊಡಬೇಕಾಗುತ್ತೆ," ಅಂದ. ಬೇರೆಯವರ ಮಗುವನ್ನು ಇನ್ಯಾರದೋ ಪಾಸ್‌ಪೋರ್ಟಿನಲ್ಲಿ ಸಾಗಿಸುವ ಜನರ ಬಗ್ಗೆ ಪೇಪರಿನಲ್ಲಿ ಓದಿದ್ದೆಲ್ಲ ಆವತ್ತು ನೆನಪಿಗೆ ಬಂತು. ಒಂದು ಫೈಲು ತಗೊಂಡೆ. ಗುಂಡನ ಜನನ ಪ್ರಮಾಣಪತ್ರ ಇಟ್ಟೆ. ಧೈರ್ಯಕ್ಕೆ ಇರಲಿ ಅಂತ ನನ್ನ ಮಾರ್ಕ್ಸ್ ಕಾರ್ಡುಗಳು, ಡಿಗ್ರಿ ಸರ್ಟಿಫಿಕೇಟು ಎಲ್ಲದರ ಒರಿಜಿನಲ್ಲೂ ಇಟ್ಟೆ. ನಾವು ಹೊಸದಾಗಿ ಓದಿದವರು. ಎಲ್ಲಿ ಯಾರು ಏನು ಕೇಳುತ್ತಾರೋ ಅಂತ ಒರಿಜಿನಲ್ ಇಲ್ಲದೆ ಮನೆ ಬಿಟ್ಟು ಹೊರಡೋ ಜನ ಅಲ್ಲ.

ದೇವನಹಳ್ಳಿ

ಏರ್‌ಪೋರ್ಟಿನ ಒಳಗೆ ಕಾಲಿಟ್ಟ ಕೂಡಲೆ ಅಮ್ಮ ಚಪ್ಪಲಿ ಬಿಟ್ಟಳು. ನೆಲ ಅಷ್ಟು ಹೊಳೆಯುತ್ತಿತ್ತು. ಅವಳಿಗೆ ಚಪ್ಪಲಿ ಹಾಕಿಸಿ ಮುಂದೆ ಹೋದರೆ, ಗುಂಡನನ್ನು ದಾಟಿಸುವಾಗ ತಪಾಸಣೆಯ ಬಾಗಿಲು ಕೀ ಅಂತ ಕೂಗಿತು. ಮತ್ತೆ ದಾಟಿಸಿದರು, ಮತ್ತೆ ಕೂಗಿತು. ಶರ್ಟು ಎತ್ತಿ ನೋಡಿದರೆ ಸೊಂಟದ ಉಡಿದಾರದಲ್ಲಿ ಬೆಳ್ಳಿ ಗೆಜ್ಜೆಗಳ ಸಾಲು.

"ತೆಗೀಬೇಕಮ್ಮ," ಅಂದಳು ಅಲ್ಲಿದ್ದ ಪೊಲೀಸು ಹುಡುಗಿ.

"ಉಡಿದಾರ ಯಾರಾದ್ರೂ ತೆಗೀತಾರೇನಮ್ಮ? ನಿಂಗೆ ಮಕ್ಕಳಿಲ್ವಾ?" ಅಂತ ಅಮ್ಮ ಕೇಳಿದಳು.

"ಮದುವೇನೇ ಆಗಿಲ್ಲಮ್ಮ," ಅಂದಳು ಅವಳು. ಉಡಿದಾರ ಅಮ್ಮನ ಸೆರಗಿನ ಗಂಟಿಗೆ ಹೋಯಿತು. ರಾಗಿ ಹಿಟ್ಟಿನ ಡಬ್ಬಿ ತೆಗೆಸಿ ಮೂಸಿ ನೋಡಿದರು. "ಸರಿ ಹಿಟ್ಟಾ?" ಅಂತ ಕೇಳಿ ಮುಚ್ಚಳ ಹಾಕಿಕೊಟ್ಟರು. ನನ್ನ ಕಣ್ಣಲ್ಲಿ ನೀರು ಬರೋದೊಂದು ಬಾಕಿ.

ಮುಂದೆ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಕೌಂಟರು. ವಯಸ್ಸಾದ ಅಧಿಕಾರಿ ಫೋಟೋ ನೋಡಿದರು, ಗುಂಡನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ನಾನು ಫೈಲಿಗೆ ಕೈ ಹಾಕಿದೆ.

"ಮುಡಿ ಕೊಟ್ರಾ? ಯಾವ ದೇವರು?"

"ಮನೆದೇವರು ಸಾರ್. ಗೌರಿಬಿದನೂರ ಹತ್ರ."

"ನಮ್ಮ ಮೊಮ್ಮಗನದ್ದೂ ಆಗಬೇಕು," ಅಂತ ಠಪ್ಪನೆ ಒತ್ತಿದರು. ನನ್ನ ಉಸಿರು ಬಿಡುಗಡೆಯಾಗುವಷ್ಟರಲ್ಲಿ ಅವರೇ ಇನ್ನೊಂದು ಮಾತು ಸೇರಿಸಿದರು. "ನಮಗೇನೋ ಅರ್ಥ ಆಗುತ್ತಮ್ಮ. ಅಲ್ಲಿಯೋರು ಏನಂತಾರೋ."

ಆಕಾಶದಲ್ಲಿ

ವಿಮಾನ ಮೇಲೇಳುವಾಗ ನಂದಿ ಬೆಟ್ಟ ವಾಲಿತು. ಅಮ್ಮ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಹುಟ್ಟಿದಾಗಿನಿಂದ ಇಮಾನ ಇಮಾನ ಅಂದ ಗುಂಡ ಮಾತ್ರ ಕಿಟಕಿಯ ಕಡೆ ತಿರುಗಲೂ ಇಲ್ಲ. "ಇಮಾನ ಎಲ್ಲಿ?" ಅಂತ ಅಳೋಕೆ ಶುರು ಮಾಡಿದ. ಇಮಾನದ ಒಳಗೆ ಕೂತವನಿಗೆ ಇಮಾನ ಕಾಣಿಸುತ್ತಿಲ್ಲ. ಅವನಿಗೆ ಇದನ್ನು ಹೇಗೆ ತಿಳಿಸೋದು ಅಂತ ಬಿ.ಎಡ್.ನಲ್ಲಿ ಹೇಳಿಕೊಟ್ಟಿರಲಿಲ್ಲ.

ಅತ್ತೂ ಅತ್ತೂ, ಗಗನಸಖಿ ಬಿಸಿನೀರು ತಂದುಕೊಟ್ಟ ಮೇಲೆ ರಾಗಿ ಸರಿ ಕುಡಿದು, ನನ್ನ ಸೀರೆ ಮೇಲೆ ಅರ್ಧ ವಾಂತಿ ಮಾಡಿ ಮಲಗಿದ. ಪೆರೇಸಂದ್ರವಾದರೇನು, ಬಂಗಾಳ ಕೊಲ್ಲಿಯಾದರೇನು. ಗಗನಸಖಿ ಒದ್ದೆ ಬಟ್ಟೆ ಕೊಟ್ಟು, "ಇದು ಮಗುವಿನ ಮೊದಲ ಹಾರಾಟವಾ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಎಲ್ಲರದೂ ಅಂದೆ. ನಕ್ಕು ಅವನ ಹೆಸರು ಕೇಳಿಕೊಂಡು ಹೋದಳು. ಇಳಿಯುವ ಮೊದಲು ಒಂದು ಕಾಗದ ತಂದಳು. ಸುತ್ತ ಮೋಡಗಳ ಚಿತ್ರ, ನಡುವೆ ಗುಂಡನ ಪೂರ್ತಿ ಹೆಸರು, 'ಆಕಾಶದಲ್ಲಿ ಮೊದಲ ಪ್ರಯಾಣ ಮುಗಿಸಿದ್ದಕ್ಕೆ' ಅಂತ ಇಂಗ್ಲಿಷಿನಲ್ಲಿ ಸಾಲು, ಕೆಳಗೆ ಪೈಲಟ್‌ನ ಸಹಿ. ಸರ್ಟಿಫಿಕೇಟು! ನನಗೆ ಡಿಗ್ರಿಯದು ಸಿಕ್ಕಿದ್ದು ಇಪ್ಪತ್ತು ದಾಟಿದ ಮೇಲೆ. ಇವನಿಗೆ ನಿದ್ದೆ ಮಾಡಿದ್ದಕ್ಕೇ ಕೊಟ್ಟರು. ಬೇರೆ ದಿನವಾಗಿದ್ದರೆ ಕುಣಿದಾಡುತ್ತಿದ್ದೆ. ಆವತ್ತು ಅದನ್ನು ಫೈಲಿಗೆ ತುರುಕಿ, ಕೌಂಟರಿನಲ್ಲಿ ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನು ತಲೆಯಲ್ಲಿ ಕಟ್ಟುತ್ತಾ ಕೂತೆ.

ಕೌಲಾಲಂಪುರದ ಬೆಂಚು

ಕೌಂಟರಿನಲ್ಲಿದ್ದವನು ಚಿಕ್ಕ ವಯಸ್ಸಿನವನು. ಇಸ್ತ್ರಿ ಮುರಿಯದ ಯೂನಿಫಾರ್ಮು. ನಮ್ಮ ಮೂವರದ್ದಕ್ಕೂ ಮುದ್ರೆ ಒತ್ತಿದ. ಗುಂಡನದ್ದು ತೆರೆದವನು ಕೈ ನಿಲ್ಲಿಸಿದ.

"ಈ ಹೆಣ್ಣುಮಗು ಎಲ್ಲಿ?"

"ಇವನೇ ಸಾರ್. ಗಂಡುಮಗು."

"ಫೋಟೋದಲ್ಲಿ ಹೆಣ್ಣು."

"ಗಂಡು. ಕೂದಲು... ದೇವರು... ತೆಗೆದೆವು." ವಿಮಾನದಲ್ಲಿ ಕಟ್ಟಿದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಪಕ್ಕದ ಬೆಂಚಿನ ಮೇಲೆ ಕೂರಲು ಹೇಳಿದರು. ನಮ್ಮ ವಿಮಾನದಲ್ಲಿ ಬಂದವರೆಲ್ಲ ನಮ್ಮನ್ನು ನೋಡುತ್ತಾ ಮುಂದೆ ಹೋದರು. ಗುಂಡ ಎದ್ದು, ಅಪರಿಚಿತ ಜಾಗ ನೋಡಿ, ನನ್ನನ್ನು ಬಿಟ್ಟು ನಾಗರಾಜನ ಕಡೆ ಕೈ ಚಾಚಿ ಅತ್ತ. ನನ್ನ ಹತ್ತಿರ ಇರೋಕೆ ಒಲ್ಲೆ ಅನ್ನುವ ಮಗುವನ್ನು ನೋಡಿದ ಆ ಕೌಂಟರಿನ ಹುಡುಗನ ಮುಖ ಇನ್ನೂ ಬಿಗಿಯಾಯಿತು. ಪ್ರತಿ ಮನೆಯಲ್ಲೂ ನಡೆಯುವ ಈ ಮುನಿಸು ಅಲ್ಲಿ ನಮ್ಮ ವಿರುದ್ಧ ಸಾಕ್ಷಿ ಆಗುತ್ತಿದೆ ಅನ್ನಿಸಿ ಅವಸರದಲ್ಲಿ ಫೈಲು ಬಿಚ್ಚಿದೆ.

ಜನನ ಪ್ರಮಾಣಪತ್ರ ಕೊಟ್ಟೆ. ಪೂರ್ತಿ ಕನ್ನಡ. ಅವನು ಅದನ್ನು ಅಡ್ಡ ತಿರುಗಿಸಿ ನೋಡಿ ವಾಪಸ್ ಕೊಟ್ಟ. ಫೈಲಿನಲ್ಲಿದ್ದ ಇನ್ನೊಂದು ಕಾಗದವನ್ನು ತಾನೇ ಎತ್ತಿದ. ನನ್ನ ಡಿಗ್ರಿ. ಅದರಲ್ಲಿ ಇಂಗ್ಲಿಷಿತ್ತು. ಎಲ್ಲಾ ಓದಿದ.

"ಇದು ನಿಮ್ಮದು ಮೇಡಂ. ಮಗುವಿನದಲ್ಲ."

ಚಿಕ್ಕಬಳ್ಳಾಪುರದಲ್ಲಿ ಯಾವ ಆಫೀಸಿನಲ್ಲಾದರೂ ನನಗೆ ಕುರ್ಚಿ ಕೊಡಿಸಿದ ಕಾಗದ ಅದು. ಮಾವನ ಮಾತು ಕಿವಿಯಲ್ಲಿ ಕೇಳಿಸಿತು. ನಿನ್ ಡಿಗ್ರಿ ಬರಲ್ಲಮ್ಮ ಕಾಪಾಡೋಕೆ.

ನಾಗರಾಜ ಎದ್ದು ಹೋಗಿ ಏನೋ ಹೇಳುತ್ತಿದ್ದರು. ರಿಪೋರ್ಟ್ ಬರೋವರ್ಗೂ ಕಾಯಿಲೆ ಇಲ್ಲ ಅನ್ನುವ ಮನುಷ್ಯನ ಕುತ್ತಿಗೆಯಲ್ಲಿ ಬೆವರು. ಅಷ್ಟರಲ್ಲಿ ಅಮ್ಮನಿಗೆ ತಡೆಯಲಾಗಲಿಲ್ಲ. ಬೆಂಚಿನಿಂದಿಳಿದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಗುಂಡನನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು. ಎರಡು ಬೆರಳು ಕತ್ತರಿ ಮಾಡಿ ಅವನ ನೆತ್ತಿಯ ಮೇಲೆ ಕಚ ಕಚ ಆಡಿಸುತ್ತಾ, "ದೇವ್ರಿಗೆ ಸ್ವಾಮಿ, ದೇವ್ರಿಗೆ! ನಮ್ ತಮ್ಮ ಕತ್ರಿಸಿದ್ದು!" ಅಂತ ಕೂಗಿದಳು. ಗುಂಡ ಮತ್ತೆ ಮುಡಿ ತೆಗೆಯುತ್ತಾರೆ ಅಂದುಕೊಂಡು ಆಕಾಶ ಹರಿಯುವ ಹಾಗೆ ಕಿರುಚಿದ.

"ಅಮ್ಮ, ಸುಮ್ನಿರಮ್ಮ! ಇನ್ನೂ ಅನುಮಾನ ಬರುತ್ತೆ!" ನಾನು ಅಳುತ್ತಿದ್ದೆ.

ಹಿಂದಿನ ಮೇಜಿನಿಂದ ಒಬ್ಬ ಹೆಂಗಸು ಎದ್ದು ಬಂದರು. ತಲೆಗೆ ಬಟ್ಟೆ ಸುತ್ತಿದ, ಅಮ್ಮನ ವಯಸ್ಸಿಗೆ ಹತ್ತಿರದ ಅಧಿಕಾರಿ. ಅಮ್ಮನ ಬೆರಳುಗಳನ್ನು ನೋಡಿ, ತಾವೂ ಎರಡು ಬೆರಳು ಕತ್ತರಿ ಮಾಡಿ ತೋರಿಸಿದರು. ಅವರ ಭಾಷೆಯಲ್ಲಿ ಆ ಹುಡುಗನಿಗೆ ಏನೋ ಹೇಳಿದರು. ಅವನು ತಲೆ ಕೆರೆದುಕೊಂಡ. ಆಮೇಲೆ ನನ್ನ ಕಡೆ ತಿರುಗಿ ನಿಧಾನವಾದ ಇಂಗ್ಲಿಷಿನಲ್ಲಿ, ನಮ್ಮಲ್ಲೂ ಕೂಸುಗಳಿಗೆ ಮಾಡುತ್ತೀವಿ, ಮನೆಯ ಹಿರಿಯರು ಒಬ್ಬೊಬ್ಬರಾಗಿ ಬಂದು ಒಂದೊಂದು ಎಳೆ ಕತ್ತರಿಸಿ, ಅಲಂಕಾರ ಮಾಡಿದ ತೆಂಗಿನಕಾಯಿಯೊಳಗೆ ಹಾಕುತ್ತಾರೆ ಅಂದರು.

"ನಿಮ್ಮಲ್ಲಿ ಮೊದಲು ಕತ್ತರಿಸಿದ್ದು ಯಾರು?"

"ನನ್ನ ಮಾವ. ಅಮ್ಮನ ತಮ್ಮ."

"ಅವರೂ ಬಂದಿದ್ದಾರಾ?"

"ಇಲ್ಲ. ಊರಲ್ಲಿದ್ದಾರೆ."

"ಕರೆತರಬೇಕಿತ್ತು," ಅಂದರು. ಆಮೇಲೆ ಪಾಸ್‌ಪೋರ್ಟು ತೆಗೆದು ಫೋಟೋದಲ್ಲಿನ ಬೈತಲೆ, ಜಡೆಗಳನ್ನೆಲ್ಲ ಎರಡು ಹೆಬ್ಬೆರಳಲ್ಲಿ ಮುಚ್ಚಿ ಗುಂಡನ ಮುಖದ ಪಕ್ಕ ಹಿಡಿದರು. ಅಗಲ ಮೂಗು, ನನ್ನಪ್ಪನ ಹಾಗೆ ಒಂದು ಚೂರು ಮೇಲೆದ್ದ ಎಡ ಹುಬ್ಬು, ಚುಚ್ಚಿದ ಕಿವಿಗಳು. ಜಡೆ ಹೋದ ಮೇಲೆ ಫೋಟೋದಲ್ಲಿ ಉಳಿದದ್ದು ಗುಂಡನೇ. ಆ ಹುಡುಗನೂ ಬಗ್ಗಿ ನೋಡಿದ. ಆಕೆ ತಾವೇ ಕೌಂಟರಿಗೆ ಹೋಗಿ ಒತ್ತಿದರು. ವಾಪಸ್ ಕೊಡುತ್ತಾ, "ಹಿಂದಿರುಗುವಾಗಲೂ ಕೇಳಬಹುದು. ಅಜ್ಜಿಗೆ ಕತ್ತರಿ ತೋರಿಸಲು ಹೇಳಿ," ಅಂದರು.

ಅಮ್ಮನಿಗೆ ಇದನ್ನು ಹೇಳಿದಾಗ, "ಆಯಮ್ಮನ ಕೈ ನೋಡ್ದ್ಯಾ? ಎಷ್ಟು ಮೆತ್ತಗಿತ್ತು," ಅಂದಳು.

ಬಾತು ಗುಹೆ

ನಮ್ಮನ್ನು ಓಡಾಡಿಸಿದ ಡ್ರೈವರು ಅಮ್ಮನ ಗೊಣಗಾಟ ಕೇಳಿಸಿಕೊಂಡು ಕನ್ನಡಿಯಲ್ಲಿ ನೋಡಿ, "ಏ ಊರಮ್ಮಾ ಮೀದಿ?" ಅಂದ, ಯಾವೂರಮ್ಮ ನಿಮ್ದು ಅಂತ. ತೆಲುಗು! ಅವನ ತಾತನ ಕಾಲದಲ್ಲೇ ಆಂಧ್ರದಿಂದ ರಬ್ಬರ್ ತೋಟಕ್ಕೆ ಬಂದವರಂತೆ. ಚಿಂತಾಮಣಿ ಕಡೆ ಅರ್ಧ ತೆಲುಗಿನಲ್ಲೇ ಬೆಳೆದ ಅಮ್ಮನಿಗೆ ಊರೇ ಸಿಕ್ಕಿದ ಹಾಗಾಯಿತು. ಅವನ ಮದುವೆ, ಮಕ್ಕಳು, ಹೆಂಡತಿಯ ಮಂಡಿನೋವು ಎಲ್ಲ ಹೋಟೆಲು ಬರುವಷ್ಟರಲ್ಲಿ ವಿಚಾರಿಸಿ ಮುಗಿಸಿದಳು.

ಅವನೇ ನಮ್ಮನ್ನು ಸುಬ್ರಹ್ಮಣ್ಯ ಸ್ವಾಮಿಯ ಗುಹೆಗೆ ಕರೆದೊಯ್ದ. ಕೆಳಗಿನ ಅಂಗಳದಲ್ಲಿ ನೋಡಿದರೆ ಎಲ್ಲೆಲ್ಲೂ ಬೋಳುತಲೆಯ ಮಕ್ಕಳು. ಬೋಳಿನ ಮೇಲೆ ಹಳದಿ ಗಂಧದ ಲೇಪ. ಅಮ್ಮನ ಸಂತೋಷ ಹೇಳತೀರದು. "ತಣ್ಣಗಿರ್ತದೆ" ಅಂತ ಯಾರದೋ ಬಟ್ಟಲಿನಿಂದ ಗಂಧ ಇಸಿದುಕೊಂಡು ಗುಂಡನ ತಲೆಗೂ ಮೆತ್ತಿದಳು. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದೆ, ಅಷ್ಟೇ. ತಲೆಯೆತ್ತಿದರೆ ಗುಂಡ ಇಲ್ಲ.

ಹಳದಿ ತಲೆಗಳು ಮಾತ್ರ ಇದ್ದವು. ಒಂದರ ಹಿಂದೆ ಓಡಿದೆ, ಅದು ತಿರುಗಿತು, ನನ್ನದಲ್ಲ. ಇನ್ನೊಂದನ್ನು ಭುಜ ಹಿಡಿದು ತಿರುಗಿಸಿದೆ. ಅದರ ಅಮ್ಮ ನನ್ನನ್ನು ಬೈದಳು. ಮೆಟ್ಟಿಲ ಮೇಲೆ ಕೋತಿಗಳು, ಆಚೆ ರಸ್ತೆ, ಬಸ್ಸುಗಳು. ಮಗುವಿನ ಗುರುತು ಹೇಳಿ ಅಂತ ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆ? ಬೋಳುತಲೆ, ಗಂಧ. ಕೈಯಲ್ಲಿರುವ ಫೋಟೋದಲ್ಲಿ ಎರಡು ಜಡೆ.

"ಉಡಿದಾರ ತೆಗೆಸಿದ್ರಲ್ಲ, ಇದ್ದಿದ್ರೆ ಗೆಜ್ಜೆ ಸದ್ದಾದ್ರೂ ಕೇಳ್ತಿತ್ತು!" ಅಮ್ಮ ಓಡುತ್ತಲೇ ನನಗೆ ಬೈದಳು. ಆ ಪೊಲೀಸು ಹುಡುಗಿಯ ಪಾಲಿನ ಬೈಗುಳವೂ ನನಗೇ ಬಿತ್ತು. ನಾಗರಾಜ ಒಂದು ಕಡೆ, ಡ್ರೈವರು ಇನ್ನೊಂದು ಕಡೆ ಓಡಿದರು. ನಾನು ಗುಂಡಾ ಗುಂಡಾ ಅಂತ ಕೂಗುತ್ತಿದ್ದರೆ ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸುತ್ತಿತ್ತು.

ಸಿಕ್ಕಿದ್ದು ಡ್ರೈವರಿಗೆ. ಕಂಬದ ನೆರಳಲ್ಲಿ ಒಂದು ತಮಿಳು ಕುಟುಂಬ ಬುತ್ತಿ ಬಿಚ್ಚಿ ಕೂತಿತ್ತು. ಅವರದೇ ಮೂರು ಬೋಳುತಲೆಗಳು. ಸಾಲಿನ ಕೊನೆಯಲ್ಲಿ ನಾಲ್ಕನೆಯದಾಗಿ ನಮ್ಮ ಗುಂಡ ಬಾಯಿ ತೆರೆದು ಕೂತಿದ್ದಾನೆ. ಅವರ ಅಜ್ಜಿ ಮೊಸರನ್ನದ ಕೈತುತ್ತನ್ನು ವರಸೆಯಾಗಿ ಒಂದೊಂದು ಬಾಯಿಗೆ ಇಡುತ್ತಾ ಬರುತ್ತಿದ್ದಾಳೆ. ಒಂದು ಬಾಯಿ ಹೆಚ್ಚಾಗಿದೆ ಅಂತ ಆಕೆಗೆ ಗೊತ್ತೇ ಆಗಿರಲಿಲ್ಲ. ರಾಗಿ ಸರಿ ಬಿಟ್ಟರೆ ಬೇರೇನೂ ಮುಟ್ಟದ ಮಗು ಮೊಸರನ್ನ ನುಂಗುತ್ತಿತ್ತು.

ಅವನನ್ನು ಎತ್ತಿಕೊಂಡವಳು ಗಾಡಿ ಹತ್ತುವವರೆಗೂ ಇಳಿಸಲಿಲ್ಲ. ಮೆಟ್ಟಿಲು ಹತ್ತಲಿಲ್ಲ, ಗುಹೆ ನೋಡಲಿಲ್ಲ. ಅಮ್ಮ ಗಾಡಿಯಲ್ಲಿ ಸೆರಗಿನ ಗಂಟು ಬಿಚ್ಚಿ ಉಡಿದಾರವನ್ನು ಅವನ ಸೊಂಟಕ್ಕೆ ಕಟ್ಟಿ, ಎರಡು ಗಂಟು ಹಾಕಿದಳು.

ಕಡಲು

ಕಡಲ ತೀರಕ್ಕೆ ಹೋಗೋ ದಿನ 'ಸಾಕು, ರೂಮಲ್ಲೇ ಇರೋಣ' ಅಂದವಳು ನಾನೇ. ನಾಗರಾಜ ಒಪ್ಪಲಿಲ್ಲ. "ಮಕ್ಕಳಿಗೆ ಉಬ್ಬರವಿಳಿತ ಪಾಠ ಮಾಡ್ತೀಯ. ನಡಿ."

ಅಮ್ಮ ನೀರಿನ ಅಂಚಿನಲ್ಲಿ ಸೀರೆ ಎತ್ತಿ ಹಿಡಿದು ಬಹಳ ಹೊತ್ತು ನಿಂತಿದ್ದಳು. ಅವಳು ಕಂಡ ದೊಡ್ಡ ನೀರು ಅಂದರೆ ನಮ್ಮೂರಿನ ಕಂದವಾರ ಕೆರೆ, ಅದೂ ತುಂಬಿದ ವರ್ಷ. "ಇದ್ರ ಕೋಡಿ ಎಲ್ಲಿದೆ?" ಅಂತ ಕೇಳಿದಳು. ಕೆರೆ ತುಂಬಿ ಹರಿಯೋಕೆ ಒಂದು ಕೋಡಿ ಇರಲೇಬೇಕು ಅಂದುಕೊಂಡಿದ್ದಾಳೆ. ಇದಕ್ಕೆ ಕೋಡಿ ಇಲ್ಲಮ್ಮ ಅಂದೆ. "ಮತ್ತೆ ಜಾಸ್ತಿ ಆದ್ರೆ?" ಅಂದಳು. ವಿಜ್ಞಾನದ ಟೀಚರಾದ ನಾನು ಚಂದ್ರನಿಂದ ಶುರು ಮಾಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಗುಂಡ ಅಲೆ ಬಂದಾಗಲೆಲ್ಲ ಹಿಂದಕ್ಕೆ ಓಡಿ, ಅಲೆ ಹೋದಾಗ ಅದನ್ನು ಬೈಯಲು ಮುಂದಕ್ಕೆ ಓಡಿದ. ಸೊಂಟದಲ್ಲಿ ಗೆಜ್ಜೆ ಸದ್ದು. ಆ ಸದ್ದು ಕೇಳುತ್ತಾ ನಾನು, ಆ ಪ್ರವಾಸದಲ್ಲಿ ಮೊದಲ ಸಲ, ಅವನ ಕಡೆ ಬೆನ್ನು ತಿರುಗಿಸಿ ನೀರನ್ನು ನೋಡಿದೆ. ಬಹಳ ಹೊತ್ತಲ್ಲ.

ಊರಿಗೆ ಹಿಂದಿರುಗುವಾಗ ಏರ್‌ಪೋರ್ಟಿನ ಕೌಂಟರಿನಲ್ಲಿ ಬೇರೆ ಯಾರೋ ಇದ್ದರು. ಫೋಟೋ ನೋಡಿ ಹುಬ್ಬು ಏರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಮ್ಮ ಎರಡು ಬೆರಳು ಎತ್ತಿ ಕಚ ಕಚ ಅನ್ನಿಸಿದಳು. ಅವರು ನಕ್ಕು ಮುದ್ರೆ ಒತ್ತಿದರು.

ಮತ್ತೆ ಶಿಡ್ಲಘಟ್ಟ

ಮನೆಗೆ ಬಂದ ಮಾರನೇ ದಿನವೇ ಶಿಡ್ಲಘಟ್ಟದ ಬಸ್ಸು ಹತ್ತಿದೆವು. ಮಾರ್ಕೆಟ್ಟಿನಲ್ಲಿ ಬೆಳಗಿನ ವ್ಯಾಪಾರ ಮುಗಿದು ಮಾವ ಗೂಡಿನ ಜಾಲರಿ ತಟ್ಟೆಗಳ ನಡುವೆ ಕೂತಿದ್ದರು. ಗುಂಡನನ್ನು ಅವರ ಮುಂದೆ ನಿಲ್ಲಿಸಿದೆ. ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಕೈ ನೋಡಿದರು, ಕಾಲು ನೋಡಿದರು. ಎತ್ತಿ ಒಂದು ಸಲ ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿದರು. ಗೆಜ್ಜೆ ಘಲ್ಲೆಂದಿತು, ಗುಂಡ ಕಿಲಕಿಲ ನಕ್ಕ.

"ಸರಿಯಾಗಿದಾನೆ," ಅಂದರು.

ಬೆಂಚಿನ ಕಥೆ ಹೇಳಿದೆ. ಡಿಗ್ರಿ ಕಾಗದ ಕೆಲಸಕ್ಕೆ ಬರಲಿಲ್ಲ ಅನ್ನುವುದನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಅವರು ನಕ್ಕು ಆಡಿಕೊಳ್ಳುತ್ತಾರೆ ಅಂದುಕೊಂಡೆ. ಆಡಿಕೊಳ್ಳಲಿಲ್ಲ. "ಆಯಮ್ಮ ನಿಮ್ಮನ್ನ ಕೇಳಿದ್ರು ಮಾವ," ಅಂದೆ.

"ನನ್ನ?"

"ಮೊದಲು ಕತ್ತರಿಸಿದ್ದು ಯಾರು ಅಂತ ಕೇಳಿದ್ರು. ಕರ್ಕೊಂಡು ಬರಬೇಕಿತ್ತು ಅಂದ್ರು."

"ನನ್ನ ಕೇಳಿದ್ಲಾ? ಅಲ್ಲಿ, ಅಷ್ಟು ದೂರದಲ್ಲಿ?" ಪಕ್ಕದಲ್ಲಿ ಕೂತಿದ್ದ ವ್ಯಾಪಾರಿಯ ಕಡೆ ತಿರುಗಿ, "ಕೇಳಿದ್ಲಂತೆ," ಅಂದರು.

ಫೈಲಿನಿಂದ ಮೋಡಗಳ ಚಿತ್ರದ ಆ ಕಾಗದ ತೆಗೆದೆ. "ಇದು ಗುಂಡನ ಸರ್ಟಿಫಿಕೇಟು. ವಿಮಾನದೋರು ಕೊಟ್ಟಿದ್ದು. ಪೈಲಟ್ ಸಹಿ ಇದೆ." ಹಳೆಯ ಅಭ್ಯಾಸದ ಮೇಲೆ ನಾನೇ ಎರಡೂ ತುದಿ ಹಿಡಿದು ಅವರ ಕಣ್ಣಿನ ಮುಂದೆ ಚಾಚಿದೆ.

ಮಾವ ಎದ್ದರು. ನಲ್ಲಿಯ ಹತ್ತಿರ ಹೋಗಿ ಮೊಳಕೈವರೆಗೂ ಕೈ ತೊಳೆದರು. ಪಂಚೆಯ ಅಂಚಿಗೆ ಒರೆಸಿಕೊಂಡರು, ಮತ್ತೆ ಮೂಸಿ ನೋಡಿ ಮತ್ತೆ ಒರೆಸಿಕೊಂಡರು. ಬಂದು ಎರಡೂ ಕೈ ಚಾಚಿದರು. ನಾನು ಕೊಟ್ಟೆ. ಅದನ್ನು ಹಿಡಿದುಕೊಂಡು ಗುಂಡನ ಹೆಸರಿದ್ದ ಸಾಲಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಸ್ವಲ್ಪ ಹೊತ್ತು ನಿಂತರು. ಅಷ್ಟರಲ್ಲಿ ಗುಂಡ ಅವರ ಪಂಚೆ ಹಿಡಿದು ಹತ್ತಿ ಮೀಸೆಗೆ ಕೈ ಹಾಕಿದ್ದ.

"ನಂಗೂ ಒಂದು ಪಾಸ್‌ಪೋರ್ಟ್ ಮಾಡ್ಸಮ್ಮ," ಅಂದರು ಮಾವ. "ಆದ್ರೆ ಈಗ್ಲೇ ಹೇಳಿದೀನಿ, ಮೀಸೆ ಮಾತ್ರ ಯಾವ ದೇವ್ರಿಗೂ ಕೊಡಲ್ಲ."